ಬಾಗಿಲು ನೋಡು

ಆ ಗುಜರಿ ಅಂಗಳದಲ್ಲಿ ಮೇಸ್ತ್ರಿಯ ಕೈಯಿಂದ ಏಟು ತಿನ್ನದವರು ಇಬ್ಬರೇ. ಒಬ್ಬರು ಯಜಮಾನರು, ಇನ್ನೊಬ್ಬಳು ವೈರಕ್ಕ. ಉಳಿದ ಹದಿನೇಳು ಜನರ ಬೆನ್ನಿಗೂ ಅವನ ರಬ್ಬರ್ ಪೈಪಿನ ಪರಿಚಯವಿತ್ತು. ಲಾರಿಯಿಂದ ಹಳೆ ಕಬ್ಬಿಣ ಇಳಿಸುವಾಗ ಕೈ ನಿಧಾನವಾದರೆ ಒಂದು, ಎದುರು ಮಾತಾಡಿದರೆ ಎರಡು. ಹೊಡೆದಾದ ಮೇಲೆ ಪೈಪನ್ನು ಟವೆಲಿನ ಹಾಗೆ ಹೆಗಲಿಗೆ ಹಾಕಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಿದ್ದ. ಸಿಟ್ಟಿನಿಂದ ಹೊಡೆದಿದ್ದರೆ ಜನ ಒಂದಲ್ಲ ಒಂದು ದಿನ ತಿರುಗಿಬೀಳುತ್ತಿದ್ದರೋ ಏನೋ. ಅವನು ಸಿಟ್ಟಿಲ್ಲದೆ ಹೊಡೆಯುತ್ತಿದ್ದ, ಗೋಡೆಗೆ ಮೊಳೆ ಹೊಡೆಯುವವನ ಹಾಗೆ.

ವೈರಕ್ಕ ಅಂಗಳದ ಎಲೆಕ್ಟ್ರಿಷಿಯನ್. ಹೆಗಲಲ್ಲಿ ಸದಾ ವೈರಿನ ಸುರುಳಿ ಇರುತ್ತಿದ್ದುದರಿಂದ ಆ ಹೆಸರು. ಯಾರ ಮೇಲೂ ವೈರ ಇಲ್ಲದ ವೈರಕ್ಕ ಎಂದು ಅವಳ ತಮ್ಮ ತಮಾಷೆ ಮಾಡುತ್ತಿದ್ದ. ತಮ್ಮನೂ ಅಲ್ಲೇ ಕೆಲಸಕ್ಕಿದ್ದ. ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಬಿಡುವು ಕೊಡದ ಅವನನ್ನು ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದರು. ಅವನ ಹೆಂಡತಿ ಕೂಡ ಹಾಗೇ ಕರೆಯುತ್ತಿದ್ದಳು. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ವೈರಕ್ಕನಿಗೆ ಇಪ್ಪತ್ತು. ಈಗ ಅವನಿಗೆ ಮೂವತ್ತು ದಾಟಿದ್ದರೂ ಊಟದ ಡಬ್ಬಿಯಲ್ಲಿ ಏನಿದೆ ಎಂದು ಅಕ್ಕನದನ್ನು ಮೊದಲು ತೆರೆದು ನೋಡುವ ಚಾಳಿ ಹೋಗಿರಲಿಲ್ಲ.

ರೇಡಿಯೋ ನಡೆಸುತ್ತಿದ್ದುದು ಪ್ರೆಸ್ಸನ್ನು. ಅದು ಒಂದು ಕೋಣೆಯಷ್ಟು ದೊಡ್ಡ ಉಕ್ಕಿನ ತೊಟ್ಟಿ. ತಗಡು, ತಂತಿ, ಮುರಿದ ಮಂಚ, ಹಳೆ ಫ್ರಿಜ್ಜಿನ ಮೈ, ಎಲ್ಲವನ್ನೂ ಕ್ರೇನು ಅದರೊಳಕ್ಕೆ ಸುರಿಯುತ್ತದೆ. ಮೇಲಿನ ಮುಚ್ಚಳ ಬೀಳುತ್ತದೆ. ಒಂದು ಬದಿಯ ಗೋಡೆ ಎಣ್ಣೆಯ ಒತ್ತಡದಿಂದ ಮುಂದೆ ಸರಿಯುತ್ತಾ ಬಂದು ಒಳಗಿದ್ದುದನ್ನೆಲ್ಲ ಗೋಣಿಮೂಟೆ ಗಾತ್ರದ ಕಬ್ಬಿಣದ ಗಟ್ಟಿ ಮಾಡುತ್ತದೆ. ಒಳಗೆ ಏನಾದರೂ ಸಿಕ್ಕಿಕೊಂಡರೆ ಬಿಡಿಸಲು ಪಕ್ಕದಲ್ಲಿ ಒಂದು ಸಣ್ಣ ಬಾಗಿಲು. ಆ ಬಾಗಿಲು ತೆರೆದಿದ್ದರೆ ಗೋಡೆ ಅಲುಗಬಾರದು.

ಪ್ರೆಸ್ಸಿನ ಹಳೆ ಬಟನ್ ಫಲಕ ಸುಟ್ಟುಹೋದಾಗ ವೈರಕ್ಕ ಅದರ ಜಾಗಕ್ಕೆ ಒಂದು ಕಂಪ್ಯೂಟರ್ ತಂದಿಟ್ಟಳು. ಪ್ರೋಗ್ರಾಮು ಬರೆಯುವ ಪೈಥಾನ್ ಭಾಷೆಯನ್ನು ಅವಳು ಎರಡು ವರ್ಷ ಮನೆಯಲ್ಲೇ ಕೂತು ಕಲಿತಿದ್ದಳು. ಯಂತ್ರಕ್ಕೆ ಆಜ್ಞೆ ಕೊಡುವ ಫಂಕ್ಷನ್‌ಗಳನ್ನು ಬರೆಯುವುದು ಅವಳಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಪರದೆ. ಎಲ್ಲಿ ಬಟನ್ ಇಡಬೇಕು, ಎಲ್ಲಿ ಅಂಕಿ ತುಂಬಿಸಬೇಕು, ಗೀಟು ಎಲ್ಲಿ ಎಳೆಯಬೇಕು ಎಂದು ಒದ್ದಾಡುತ್ತಿದ್ದಾಗ, ಆ ಕೆಲಸವನ್ನೆಲ್ಲ ತಾನೇ ಮಾಡಿಕೊಡುವ ಒಂದು ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಮುಗಳ ಕಟ್ಟು, ಸಿಕ್ಕಿತು. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಫಂಕ್ಷನ್ ಕೇಳುವ ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ಬಗೆಯದು ಎಂದು ಬರೆದರೆ ಸಾಕು. ಇದು ಅಂಕಿ ಎಂದರೆ ಪರದೆಯ ಮೇಲೆ ಅಂಕಿ ತುಂಬುವ ಜಾಗ ಬರುತ್ತದೆ. ಇದು ಈ ಮೂರರಲ್ಲಿ ಒಂದು ಎಂದರೆ ಮೂರು ಹೆಸರಿನ ಪಟ್ಟಿ ಬರುತ್ತದೆ. ಇದು ಹೌದು ಅಥವಾ ಇಲ್ಲ ಎಂದರೆ ಟಿಕ್ ಹಾಕುವ ಒಂದು ಚೌಕ ಬರುತ್ತದೆ. ಫಂಕ್ಷನ್ನಿನ ಹೆಸರೇ ಬಟನ್ ಆಗುತ್ತದೆ. ಅವಳು ಹೆಸರುಗಳನ್ನೆಲ್ಲ ಕೆಲಸದವರು ಓದಿದ ಕೂಡಲೇ ತಿಳಿಯುವಂತೆ ಇಟ್ಟಳು. ಬಲ ಎಷ್ಟು, ಸರಕು ಯಾವುದು, ಎಷ್ಟು ಸಲ. ಕೆಳಗೆ ಎರಡು ಬಟನ್: ಒತ್ತು, ಹಿಂದಕ್ಕೆ. ಎರಡು ತಿಂಗಳ ಕೆಲಸ ಎಂದುಕೊಂಡಿದ್ದದ್ದು ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು. ನನ್ನ ಅಕ್ಕ ಹೆಸರು ಹೇಳಿದರೆ ಸಾಕು, ಗೊಂಬೆ ಎದ್ದು ಕುಣಿಯುತ್ತದೆ ಎಂದು ರೇಡಿಯೋ ವಾರವಿಡೀ ಸಾರಿಕೊಂಡು ತಿರುಗಿದ.

ಒಂದು ತಪ್ಪನ್ನು ಅವಳು ಆಗಲೇ ಮಾಡಿದ್ದಳು. ಪಕ್ಕದ ಬಾಗಿಲಿನ ಸ್ವಿಚ್ಚು ಹಿಂದೆ ಪಂಪಿನ ಕರೆಂಟನ್ನೇ ನೇರವಾಗಿ ಕಡಿಯುತ್ತಿತ್ತು. ಹಾಗೇ ಇರಬೇಕು ಎಂಬುದು ಆ ಕೆಲಸದ ಮೊದಲ ಪಾಠ. ಆದರೆ ಗುಜರಿಯ ಚೂಪು ತಗಡುಗಳು ಆ ದಪ್ಪ ತಂತಿಯನ್ನು ಪದೇ ಪದೇ ಕುಯ್ಯುತ್ತಿದ್ದವು. ಅದಕ್ಕೆ ಅವಳು ಸ್ವಿಚ್ಚಿನ ಸುದ್ದಿ ಕಂಪ್ಯೂಟರಿಗೆ ಹೋಗುವಂತೆ ಮಾಡಿ, ಬಾಗಿಲು ನೋಡಿ ನಿಲ್ಲಿಸುವ ಹೊಣೆಯನ್ನು ಪ್ರೋಗ್ರಾಮಿಗೆ ವಹಿಸಿದ್ದಳು.

ಆರು ತಿಂಗಳು ಏನೂ ಆಗಲಿಲ್ಲ. ಆಮೇಲೆ ಸ್ವಿಚ್ಚಿನೊಳಗೆ ಕಬ್ಬಿಣದ ಪುಡಿ ಕೂತು, ಬಾಗಿಲು ಮುಚ್ಚಿದ್ದರೂ ತೆರೆದಿದೆ ಎಂದು ಸುಳ್ಳು ಹೇಳತೊಡಗಿತು. ಪ್ರೆಸ್ಸು ದಿನಕ್ಕೆ ನಲವತ್ತು ಸಲ ಸುಮ್ಮನೆ ನಿಂತಿತು. ಸೋಮವಾರ ಬೆಳಿಗ್ಗೆ ಅವಳು, ದೋಷ ಸ್ವಿಚ್ಚಿನದೋ ತನ್ನ ಬರವಣಿಗೆಯದೋ ಎಂದು ಪರೀಕ್ಷೆ ಮಾಡಲು, ಒತ್ತು ಎಂಬ ಫಂಕ್ಷನ್ನಿಗೆ ಹೊಸದೊಂದು ಅಂಶ ಸೇರಿಸಿದಳು. ಹೆಸರು ‘ಬಾಗಿಲು ನೋಡು’. ಬಗೆ, ಹೌದು ಅಥವಾ ಇಲ್ಲ. ಯಾರೂ ಏನೂ ಹೇಳದಿದ್ದರೆ ಹೌದು. ಅದನ್ನು ತಾನೊಬ್ಬಳೇ, ಬರವಣಿಗೆಯ ಒಳಗಿನಿಂದ ಮಾತ್ರ ಬಳಸುವುದು ಎಂದು ಅವಳ ಲೆಕ್ಕ.

ಲೈಬ್ರರಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಅದು ಬಗೆಯನ್ನು ಓದಿತು, ಚೌಕ ಮಾಡಿತು. ಮಧ್ಯಾಹ್ನ ಕ್ಯಾಬಿನ್ನಿನ ಕಂಪ್ಯೂಟರನ್ನು ಮತ್ತೆ ಶುರು ಮಾಡಿದಾಗ ‘ಎಷ್ಟು ಸಲ’ ಎಂಬುದರ ಕೆಳಗೆ ಟಿಕ್ ಹಾಕಿದ ಹೊಸ ಚೌಕವೊಂದು ಕೂತಿತ್ತು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಇದೇನು ಎಂದು ಕೇಳಿದ. ವೈರಕ್ಕನಿಗೆ ನಗು ಬಂತು. ನಾನು ಕರೆಯದೆ ಬಂದ ನೆಂಟ ಎಂದಳು. ಟಿಕ್ ತೆಗೆದರೆ ಯಂತ್ರ ಬಾಗಿಲು ನೋಡುವುದಿಲ್ಲ, ಅದನ್ನು ಮುಟ್ಟಬೇಡಿ, ನಾಳೆ ತೆಗೆಯುತ್ತೇನೆ ಎಂದೂ ಹೇಳಿದಳು. ಅದನ್ನು ಪರದೆಯಿಂದ ಮರೆಮಾಡಲು ಒಂದು ಸಾಲು ಬರೆದರೆ ಸಾಕಿತ್ತು. ಅಷ್ಟರಲ್ಲಿ ಕ್ರೇನಿನ ಮೋಟರು ಕೆಟ್ಟಿತೆಂದು ಕರೆ ಬಂತು. ಮಂಗಳವಾರ ಕ್ರೇನು, ಬುಧವಾರ ಕ್ರೇನು, ಗುರುವಾರ ತೂಕದ ಯಂತ್ರ. ನಾಳೆ ಎಂದವಳ ಮನೆ ಹಾಳು ಎನ್ನುತ್ತಾರಲ್ಲ, ಹಾಗಾಯಿತು. ಮೇಸ್ತ್ರಿ ಮಂಗಳವಾರವೇ ಟಿಕ್ ತೆಗೆದಿದ್ದ. ಪ್ರೆಸ್ಸು ನಿಲ್ಲದೆ ಓಡಿತು. ಪರದೆಯಲ್ಲಿ ಬಾಗಿಲು ತೆರೆದಿದೆ ಎಂಬ ಕೆಂಪು ಅಕ್ಷರ ದಿನವಿಡೀ ಉರಿಯುತ್ತಿದ್ದರೂ ಯಾರೂ ಅದರ ಕಡೆ ನೋಡಲಿಲ್ಲ. ಚೌಕದ ಸಂಗತಿ ಮೇಸ್ತ್ರಿ ಯಾರಿಗೂ ಹೇಳಲಿಲ್ಲ, ರೇಡಿಯೋಗೂ. ದಿನವೂ ಅವನ ಪಾಳಿ ಶುರುವಾಗುವ ಮುಂಚೆ ಕ್ಯಾಬಿನ್ನಿಗೆ ಹೋಗಿ ಪರದೆ ತೆರೆದು ಟಿಕ್ ತೆಗೆದಿಟ್ಟು ಬರುತ್ತಿದ್ದ.

ಶುಕ್ರವಾರ ಹನ್ನೊಂದು ಗಂಟೆಯ ಹೊತ್ತಿಗೆ ಹಾಸಿಗೆಯ ಸ್ಪ್ರಿಂಗುಗಳ ಒಂದು ಗುಪ್ಪೆ ಗೋಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಮೇಸ್ತ್ರಿ ಕ್ಯಾಬಿನ್ನಿಗೆ ಬಂದು, ನೀನು ಇಳಿದು ಬಿಡಿಸು, ನಾನು ಇಲ್ಲಿ ಕೂರುತ್ತೇನೆ ಎಂದ. ರೇಡಿಯೋ ಕೊಕ್ಕೆ ಹಿಡಿದು ಇಳಿದ. ಪಕ್ಕದ ಬಾಗಿಲು ತೆರೆದ. ತೆರೆದಿದ್ದೇನೆ ಎಂದು ಕೂಗಿಯೂ ಕೂಗಿದ. ಆದರೆ ಅದೇ ಹೊತ್ತಿಗೆ ಲಾರಿಯೊಂದು ತಗಡು ಸುರಿಯುತ್ತಿತ್ತು. ಕ್ಯಾಬಿನ್ನಿನ ಗಾಜಿನಿಂದ ಆ ಬದಿ ಕಾಣುವುದೂ ಇಲ್ಲ. ಕೊಕ್ಕೆಗೆ ಎಟುಕದ ಒಂದು ಸ್ಪ್ರಿಂಗನ್ನು ಹಿಡಿಯಲು ರೇಡಿಯೋ ಬಲಗೈಯನ್ನು ಹೆಗಲವರೆಗೆ ಒಳಗೆ ತೂರಿಸಿದ. ಇಷ್ಟು ಹೊತ್ತಿಗೆ ಬಿಡಿಸಿ ಮುಗಿಸಿರಬೇಕು ಎಂದುಕೊಂಡು ಮೇಸ್ತ್ರಿ ಒತ್ತು ಎಂಬುದನ್ನು ಒತ್ತಿದ.

ವೈರಕ್ಕ ಆಫೀಸಿನ ಮಾಡಿನ ಮೇಲಿದ್ದಳು. ಕೂಗು ಕೇಳಿದ ಕೂಡಲೇ ಅದು ಯಾರದು ಎಂದು ಗೊತ್ತಾಯಿತು. ಏಣಿಯಲ್ಲಿ ಇಳಿಯಲಿಲ್ಲ, ಹಾರಿದಳು. ಪಾದ ಉಳುಕಿದ್ದು ಮರುದಿನದವರೆಗೆ ಅವಳಿಗೆ ತಿಳಿಯಲಿಲ್ಲ. ಓಡಿದವಳೇ ಮೇನ್ ಸ್ವಿಚ್ಚು ಎಳೆದಳು. ಗೋಡೆ ನಿಂತಿತು. ಆದರೆ ನಿಂತ ಗೋಡೆ ಹಿಂದೆ ಹೋಗುವುದಿಲ್ಲ. ಎಣ್ಣೆಯ ಒತ್ತಡ ಅದನ್ನು ಇದ್ದಲ್ಲೇ ಹಿಡಿದಿರುತ್ತದೆ. ಅದನ್ನು ಹಿಂದೆ ತರಬೇಕಾದರೆ ಕರೆಂಟು ಬೇಕು, ಕಂಪ್ಯೂಟರ್ ಬೇಕು, ಪರದೆ ಬೇಕು, ಹಿಂದಕ್ಕೆ ಎಂಬ ಬಟನ್ ಬೇಕು. ಎಲ್ಲವನ್ನೂ ಅವಳೇ ಈಗ ಆರಿಸಿದ್ದಳು.

ಮತ್ತೆ ಸ್ವಿಚ್ಚು ಹಾಕಿ, ಮೇಸ್ತ್ರಿ ಇಳಿದೋಡಿ ಖಾಲಿ ಬಿಟ್ಟಿದ್ದ ಕ್ಯಾಬಿನ್ನಿಗೆ ಹತ್ತಿದಳು. ಕಂಪ್ಯೂಟರ್ ಏಳಲು ಎರಡು ನಿಮಿಷ. ಆ ಎರಡು ನಿಮಿಷ ಅವಳು ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು. ಕೆಳಗಿನಿಂದ ರೇಡಿಯೋ ಅಕ್ಕ, ಅಕ್ಕ ಎನ್ನುತ್ತಿದ್ದ. ನಡುವೆ ಅವಳಿಗೆ ಅರ್ಥವಾಗದ ಏನೇನೋ ಮಾತಾಡುತ್ತಿದ್ದ. ಆಮೇಲೆ ಬರೀ ಹಲ್ಲು ಕಟಕಟಿಸುವ ಸದ್ದು. ಕೊನೆಗೆ ಪರದೆಯ ಮೇಲೆ ಪ್ರೋಗ್ರಾಮಿನ ಕಿಟಕಿ ಮೂಡಿತು. ಮೊದಲು ಬಲ, ಆಮೇಲೆ ಸರಕು, ಆಮೇಲೆ ಎಷ್ಟು ಸಲ, ಅದರ ಕೆಳಗೆ ಟಿಕ್ ಹಾಕಿದ ಆ ಚೌಕ. ಮತ್ತೆ ಶುರುವಾದಾಗ ಅದು ತಾನಾಗಿ ಹೌದು ಎಂದು ಕೂತಿತ್ತು. ಅದೆಲ್ಲ ಮೂಡಿದ ಮೇಲೆ ಕೊನೆಯಲ್ಲಿ ಹಿಂದಕ್ಕೆ ಎಂಬ ಬಟನ್ ಬಂತು.

ಗೋಡೆ ಹಿಂದೆ ಸರಿದಾಗ ರೇಡಿಯೋ ಬದಿಗೆ ವಾಲಿದ. ಮೊಣಕೈಯ ಮೇಲಿನಿಂದ ಕೆಳಗೆ ಕೈ ಎನ್ನುವಂಥದ್ದು ಉಳಿದಿರಲಿಲ್ಲ. ಸ್ಪ್ರಿಂಗು, ಬಟ್ಟೆ, ಮೂಳೆ ಒಂದಾಗಿದ್ದವು. ರಕ್ತ ಧಾರೆಯಾಗಿ ತೊಟ್ಟಿಯ ಅಂಚಿನಿಂದ ಇಳಿಯುತ್ತಿತ್ತು. ಅವನನ್ನು ಮೊದಲು ಹಿಡಿದುಕೊಂಡವನು ಮೇಸ್ತ್ರಿ. ಹೆಗಲ ಮೇಲಿನ ರಬ್ಬರ್ ಪೈಪನ್ನು ಎಳೆದು, ಕಂಕುಳ ಕೆಳಗೆ ಎರಡು ಸುತ್ತು ಸುತ್ತಿ, ಹಲ್ಲಿನಿಂದ ಕಚ್ಚಿ ಬಿಗಿದು ಗಂಟು ಹಾಕಿದ. ಅವನ ಬಾಯಿ, ಗಲ್ಲ, ಎದೆ ಎಲ್ಲ ಕೆಂಪಾಯಿತು. ಆಸ್ಪತ್ರೆಯವರೆಗೂ ಲಾರಿಯ ಹಿಂದೆ ಕೂತು ಆ ಗಂಟನ್ನು ಹಿಡಿದುಕೊಂಡೇ ಬಂದ. ಆ ಪೈಪು ಕಟ್ಟದಿದ್ದರೆ ರೇಡಿಯೋ ದಾರಿಯಲ್ಲೇ ಹೋಗಿಬಿಡುತ್ತಿದ್ದ ಎಂದು ಡಾಕ್ಟರು ಹೇಳಿದರು.

ಕೈಯನ್ನು ಹೆಗಲಿನ ಹತ್ತಿರದಿಂದ ತೆಗೆದರು. ರೇಡಿಯೋನ ಹೆಂಡತಿ ಆಸ್ಪತ್ರೆಯ ವರಾಂಡದಲ್ಲಿ ವೈರಕ್ಕನನ್ನು ಕಂಡ ಕೂಡಲೇ ಹತ್ತಿರ ಬಂದು ಎರಡೂ ಕೆನ್ನೆಗೆ ಹೊಡೆದಳು. ಕಾರಣ ಕೇಳಿದವರಿಗೆ, ಆ ಯಂತ್ರಕ್ಕೆ ಬುದ್ಧಿ ಕೊಟ್ಟಿದ್ದು ಇವರೇ ತಾನೆ ಎಂದಳು. ಚೌಕದ ವಿಷಯ ಅವಳಿಗೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಅವಳ ಏಟು ಸರಿಯಾದ ಜಾಗಕ್ಕೆ ಬಿದ್ದಿತ್ತು. ವೈರಕ್ಕ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

ಮರುದಿನ ಯಜಮಾನರು ಅವಳನ್ನು ಆಫೀಸಿಗೆ ಕರೆಸಿದರು. ಮೃದುವಾಗಿಯೇ ಮಾತಾಡಿದರು. ಪೊಲೀಸರು ಸೋಮವಾರ ಬರುತ್ತಾರೆ. ಟಿಕ್ ತೆಗೆದವನು ರೇಡಿಯೋನೇ ಎಂದು ಹೇಳಿಬಿಟ್ಟರೆ ಯಾರಿಗೂ ತೊಂದರೆಯಿಲ್ಲ, ಅವನಿಗೆ ಹೇಗೂ ಆಗಬೇಕಾದ್ದು ಆಗಿದೆ, ಅಂಗಳವನ್ನು ಮುಚ್ಚಿಸಿದರೆ ಹತ್ತೊಂಬತ್ತು ಮನೆಯ ಒಲೆ ಆರುತ್ತದೆ ಎಂದರು. ಪ್ರತಿ ಸಲ ಒತ್ತಿದಾಗಲೂ ಬಲ ಎಷ್ಟು, ಚೌಕ ಹೇಗಿತ್ತು, ಗಂಟೆ ಎಷ್ಟು ಎಂದು ಪ್ರೋಗ್ರಾಮು ಒಂದು ಕಡತದಲ್ಲಿ ಬರೆದಿಡುತ್ತದೆ ಎಂದಷ್ಟೇ ಹೇಳಿದಳು. ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಟಿಕ್ ಹೋಗಿದೆ, ಆ ದಿನ ರೇಡಿಯೋ ಕೆಲಸಕ್ಕೆ ಬಂದದ್ದೇ ಒಂಬತ್ತಕ್ಕೆ. ಮೇಸ್ತ್ರಿ ಬಾಗಿಲ ಬಳಿ ನಿಂತು ಅದನ್ನು ಕೇಳಿಸಿಕೊಂಡ.

ಸೋಮವಾರವೇ ಆ ಚೌಕವನ್ನು ತಾನೂ ನೋಡಿದ್ದೆ ಎಂಬುದನ್ನು ಅವಳು ಯಾರಿಗೂ ಹೇಳಲಿಲ್ಲ. ಕಡತದಲ್ಲಿ ನಗು ದಾಖಲಾಗುವುದಿಲ್ಲ.

ಭಾನುವಾರ ಅಂಗಳಕ್ಕೆ ರಜೆ. ವೈರಕ್ಕ ಆ ಕಡತವನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳೋಣ ಎಂದು ಬೆಳಗಿನ ಹತ್ತಕ್ಕೆ ಕ್ಯಾಬಿನ್ನಿಗೆ ಹತ್ತಿದಳು. ಗೇಟಿನ ಬಳಿ ಕಾವಲುಗಾರ ಮತ್ತು ಲಾರಿಯ ಇಬ್ಬರು ಡ್ರೈವರುಗಳು ಬಿಟ್ಟರೆ ಯಾರೂ ಇರಲಿಲ್ಲ. ಕಂಪ್ಯೂಟರ್ ಎದ್ದೇಳುತ್ತಿದ್ದಾಗಲೇ ಮೆಟ್ಟಿಲಿನಲ್ಲಿ ಹೆಜ್ಜೆ ಕೇಳಿತು. ಮೇಸ್ತ್ರಿ ಹಾರೆಗೋಲು ಹಿಡಿದು ಬಂದಿದ್ದ.

ಪಕ್ಕಕ್ಕೆ ಸರಿ ಎಂದ. ಅವಳು ಸರಿಯಲಿಲ್ಲ. ಅವನು ಮೊದಲು ಹೊಡೆದದ್ದು ಪರದೆಗೆ. ಗಾಜು ಅವಳ ಹಣೆಗೂ ಕತ್ತಿಗೂ ಸಿಡಿಯಿತು. ಎರಡನೆಯ ಏಟಿಗೆ ಹಾರೆಯನ್ನು ಮೇಜಿನ ಕೆಳಗಿನ ಕಂಪ್ಯೂಟರ್ ಪೆಟ್ಟಿಗೆಯ ಕಡೆ ಎತ್ತಿದ. ಅವಳು ಅಡ್ಡ ಬಂದಳು. ಹಾರೆ ಅವಳ ಪಕ್ಕೆಗೆ ಬಿತ್ತು. ಎರಡು ಮೂಳೆ ಮುರಿದವು. ಒಂದರ ಸದ್ದು ಅವಳಿಗೇ ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ. ಉಸಿರು ಹೋಗಿ ಮೊಣಕಾಲೂರಿದಳು. ಅವನು ಅವಳ ಜಡೆ ಹಿಡಿದು ಎಳೆದು ಬಾಗಿಲ ಕಡೆ ತಳ್ಳಿದ. ಅವಳು ಅವನ ಮಣಿಕಟ್ಟನ್ನು ಕಚ್ಚಿದಳು, ಹಲ್ಲು ಮೂಳೆಗೆ ತಾಗುವವರೆಗೆ. ಹಾರೆ ಕೈಜಾರಿ ಮೆಟ್ಟಿಲಿನ ಮೇಲೆ ಉರುಳಿಕೊಂಡು ಹೋಯಿತು. ಮೇಸ್ತ್ರಿ ಎಡಗೈಯಿಂದ ಅವಳ ಕಿವಿಯ ಮೇಲೆ, ಮೂಗಿನ ಮೇಲೆ ಗುದ್ದಿದ. ಅವಳ ಬಾಯಲ್ಲಿದ್ದುದು ಅವನ ರಕ್ತವೋ ತನ್ನದೋ ತಿಳಿಯದಾಯಿತು. ಗೋಡೆಗೆ ಒರಗಿಸಿಟ್ಟಿದ್ದ ಪೈಪ್ ಪಾನ ಅವಳ ಕೈಗೆ ಸಿಕ್ಕಿತು. ಪೈಪು ತಿರುಚುವ ಸ್ಪ್ಯಾನರು, ಎರಡು ಕೈಯಲ್ಲಿ ಎತ್ತಬೇಕಾದ ಕಬ್ಬಿಣ ಅದು. ಬೀಸಿದಳು. ಅದು ಅವನ ಮಂಡಿಗೆ ಬಿತ್ತು. ಅವನು ಕೂತುಬಿಟ್ಟ.

ಅಲ್ಲಿಗೆ ಜಗಳ ಮುಗಿಯಬಹುದಿತ್ತು. ಮಂಡಿ ಹಿಡಿದು ಕೂತ ಮೇಸ್ತ್ರಿ ಏಳುವ ಸ್ಥಿತಿಯಲ್ಲಿರಲಿಲ್ಲ. ಕಚ್ಚಿಸಿಕೊಂಡ ಕೈಯನ್ನು ಅಂಗಿಗೆ ಒತ್ತಿಕೊಂಡು ಅವಳನ್ನು ನೋಡಿದ.

“ಟಿಕ್ ತೆಗೆದವನು ನಾನೇ,” ಎಂದ. “ಇಲ್ಲ ಅನ್ನಲ್ಲ. ಆದ್ರೆ ಅದನ್ನ ಅಲ್ಲಿಟ್ಟವಳು ಯಾರು? ಸೋಮವಾರ ಇಲ್ಲೇ ನಿಂತು ನಕ್ಕೆ. ನಾಳೆ ತೆಗೀತೀನಿ ಅಂದೆ. ನಾಲ್ಕು ನಾಳೆ ಹೋಯ್ತು. ಪೊಲೀಸರಿಗೆ ಅದನ್ನೂ ಹೇಳ್ತೀಯಾ? ನಿನ್ನ ತಮ್ಮನಿಗೆ ಹೇಳ್ತೀಯಾ?”

ಅವಳು ಪಾನ ಎತ್ತಿ ಅವನ ಬಾಯಿಗೇ ಹೊಡೆದಳು.

ಆಮೇಲೆ ಎಷ್ಟು ಏಟು ಎಂಬುದನ್ನು ಅವಳು ನ್ಯಾಯಾಲಯದಲ್ಲಿಯೂ ಹೇಳಲಾರದೆ ಹೋದಳು. ಹಲ್ಲು ನೆಲದ ಮೇಲೆ ಬಿದ್ದದ್ದು ನೆನಪಿತ್ತು. ಅವನು ಕೈ ಅಡ್ಡ ಹಿಡಿದದ್ದು, ಆ ಕೈ ಮುರಿದದ್ದು, ಹೆಗಲ ಮೂಳೆ ಕುಸಿದದ್ದು ನೆನಪಿತ್ತು. ಅವನು ಮೇಜಿನ ಕೆಳಗೆ ತೆವಳಿಕೊಂಡು ಹೋದ. ಅವಳು ಕಾಲು ಹಿಡಿದು ಎಳೆದು ಹೊಡೆದಳು. ಇಡೀ ಅಂಗಳ ವರ್ಷಗಟ್ಟಲೆ ಅವನಿಂದ ತಿಂದಿದ್ದನ್ನೆಲ್ಲ ಅವಳು ಒಬ್ಬಳೇ ತೀರಿಸುತ್ತಿದ್ದಾಳೆ ಎಂದು ನೋಡಿದವರಿಗೆ ಅನ್ನಿಸಿರಬಹುದು. ಅವಳಿಗೆ ಹಾಗೇನೂ ಅನ್ನಿಸಲಿಲ್ಲ. ಆ ಬಾಯಿ ಇನ್ನೂ ಅಲುಗುತ್ತಿದೆ ಎನ್ನುವುದೊಂದೇ ಕಣ್ಣಿಗೆ ಕಾಣುತ್ತಿತ್ತು. ಕಾವಲುಗಾರನೂ ಡ್ರೈವರುಗಳೂ ಹತ್ತಿ ಬಂದು, ಮೂವರೂ ಸೇರಿ ಅವಳನ್ನು ಹಿಂದಕ್ಕೆ ಎಳೆದರು. ಪಾನ ಬಿಡಿಸಲು ಅವಳ ಬೆರಳುಗಳನ್ನು ಒಂದೊಂದಾಗಿ ಬಿಚ್ಚಬೇಕಾಯಿತು. ಮೇಸ್ತ್ರಿಯ ಮುಖದಲ್ಲಿ ಯಾವುದು ಏನು ಎಂದು ಗುರುತು ಸಿಗುತ್ತಿರಲಿಲ್ಲ. ಆದರೂ ಉಸಿರಿತ್ತು. ಮೂಗಿನ ಜಾಗದಲ್ಲಿ ರಕ್ತದ ಗುಳ್ಳೆ ಏಳುತ್ತಿತ್ತು, ಒಡೆಯುತ್ತಿತ್ತು.

ಕಾವಲುಗಾರ ವಯಸ್ಸಾದವನು. ಅವಳನ್ನು ಮೆಟ್ಟಿಲಿನ ಮೇಲೆ ಕೂರಿಸಿ ನೀರು ಕೊಟ್ಟು, ಆತ್ಮರಕ್ಷಣೆ ಅಂತ ಹೇಳಮ್ಮ, ನಾವೂ ಹಾಗೇ ಹೇಳುತ್ತೇವೆ, ಮೊದಲು ಹೊಡೆದದ್ದು ಅವನೇ ತಾನೆ ಎಂದ. ಅವನ ಬೆನ್ನಿನ ಮೇಲೂ ಹಳೆಯ ಬರೆಗಳಿದ್ದವು. ವೈರಕ್ಕ ನೀರಿನಿಂದ ಬಾಯಿ ಮುಕ್ಕಳಿಸಿ ಉಗಿದಳು. ಪೊಲೀಸರು ಬರುವ ತನಕ ಅಲ್ಲಿಂದ ಏಳಲಿಲ್ಲ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದು ಒಬ್ಬ ಹೆಂಗಸು ಅಧಿಕಾರಿ. ಆತ್ಮರಕ್ಷಣೆ ಎಂಬ ಮಾತನ್ನು ಆಕೆಯೇ ಎರಡು ಸಲ ಮುಂದಿಟ್ಟಳು. ಪಕ್ಕೆಗೆ ಬಿಗಿದ ಬಟ್ಟೆಯೊಳಗಿನಿಂದ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತಾ ವೈರಕ್ಕ, ಮಂಡಿಗೆ ಹೊಡೆಯುವ ತನಕ ಅದು ನಿಜ, ಆಮೇಲಿನದು ಅಲ್ಲ ಎಂದಳು. ಹಾಗಾದರೆ ಆಮೇಲೆ ಯಾಕೆ ಹೊಡೆದಿರಿ ಎಂದು ಅಧಿಕಾರಿ ಕೇಳಿದಳು. ವೈರಕ್ಕ ಬಾಗಿಲಿನ ತಂತಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಫಂಕ್ಷನ್ ಎಂದರೇನು, ಬಗೆ ಎಂದರೇನು, ಬಗೆಯನ್ನು ಓದಿ ಪರದೆ ಹೇಗೆ ತಾನಾಗಿ ಆಗುತ್ತದೆ ಎಂಬುದನ್ನೂ ಹೇಳಿದಳು. ಅಧಿಕಾರಿ ಪೆನ್ನು ಕೆಳಗಿಟ್ಟಳು.

“ಅಂದ್ರೆ ಆ ಚೌಕ ತಾನಾಗೇ ಬಂತು. ನೀವು ಇಟ್ಟಿದ್ದಲ್ಲ. ಹಾಗೇ ಬರ್ಕೊಳ್ಳಲಾ?”

“ತಾನಾಗೇ ಬಂತು ಅಂತ ಬರೀಬೇಡಿ ಮೇಡಂ,” ಎಂದಳು ವೈರಕ್ಕ. “ನಾನು ಬರೆದಿದ್ದಕ್ಕೆ ಬಂತು. ಬಂದದ್ದನ್ನ ನೋಡಿದೆ. ನೋಡಿ ನಾಲ್ಕು ದಿನ ಬಿಟ್ಟೆ. ಅವನು ಅದನ್ನೇ ಹೇಳ್ತಾ ಇದ್ದ, ಅದಕ್ಕೇ ಅವನ ಬಾಯಿಗೆ ಹೊಡೆದೆ.”

ಎರಡು ಪ್ರಕರಣ ನಡೆದವು. ಮುರಿದ ಪರದೆಯ ಕೆಳಗಿನ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಕಡತ ಸಿಕ್ಕಿತು. ಮೇಸ್ತ್ರಿಗೆ ಎರಡು ವರ್ಷ ಸಜೆಯಾಯಿತು. ಅದರಲ್ಲಿ ಮೊದಲ ನಾಲ್ಕು ತಿಂಗಳು ಅವನು ಆಸ್ಪತ್ರೆಯ ಹಾಸಿಗೆಯ ಮೇಲೆ, ಪೊಲೀಸ್ ಕಾವಲಿನಲ್ಲಿ ಕಳೆದ. ಒಂದು ಕಣ್ಣು ಹೋಯಿತು, ಮಂಡಿ ಮತ್ತೆ ಮಡಚಲಿಲ್ಲ. ಯಜಮಾನರಿಗೆ ಪ್ರೆಸ್ಸು ನಡೆಸುವ ಪರವಾನಗಿ ರದ್ದಾಯಿತು. ವೈರಕ್ಕನಿಗೆ ಹದಿನಾಲ್ಕು ತಿಂಗಳು. ವಕೀಲರು ಅದನ್ನು ಕಡಿಮೆ ಮಾಡಿಸಲು ಅರ್ಜಿ ಹಾಕೋಣ ಎಂದಾಗ ಬೇಡ ಎಂದಳು.

ರೇಡಿಯೋ ಜೈಲಿಗೆ ಬಂದದ್ದು ಆರು ತಿಂಗಳ ಮೇಲೆ. ಅಷ್ಟರಲ್ಲಿ ಹೇಳಿಕೆಯ ಪ್ರತಿಯನ್ನು ವಕೀಲರಿಂದ ಪಡೆದು ಓದಿದ್ದ. ಜಾಲರಿಯ ಆಚೆ ಕೂತು, ಬಸ್ಸಿನಲ್ಲಿ ಎಡಗೈಯೊಂದರಲ್ಲೇ ಚೀಟಿ, ಚೀಲ, ಕಂಬ ಮೂರನ್ನೂ ಹಿಡಿಯುವುದು ಹೇಗೆ ಎಂದು ವಿವರಿಸಿದ. ಅಂಗಿಯ ಗುಂಡಿ ಹಾಕುವುದನ್ನು ಕಲಿತದ್ದು, ಹೆಂಡತಿ ಲಾರಿ ತೂಗುವ ಕಟ್ಟೆಯಲ್ಲಿ ಅವನಿಗೊಂದು ಕೆಲಸ ಹುಡುಕಿಕೊಟ್ಟದ್ದು, ಇಲ್ಲದ ಕೈಯ ಬೆರಳುಗಳು ಬೆಳಗಿನ ಹೊತ್ತು ಜುಮುಗುಡುವುದು, ಎಲ್ಲ ಹೇಳಿದ. ಚೌಕದ ಮಾತೆತ್ತಲಿಲ್ಲ. ಎದ್ದು ಹೋಗುವಾಗ ಮಾತ್ರ ನಿಂತ.

“ಅಕ್ಕ, ನನ್ನ ಕೈಗೋಸ್ಕರ ಅವನಿಗೆ ಹೊಡೆದೆ ಅಂತ ಊರೆಲ್ಲ ನಿನ್ನ ಹೊಗಳ್ತಾ ಇತ್ತು. ನಾನೂ ನಂಬಿದ್ದೆ. ಓದಿದ ಮೇಲೆ ಗೊತ್ತಾಯ್ತು, ಅದು ನನಗೋಸ್ಕರ ಅಲ್ಲ.”

ವೈರಕ್ಕ ಹೌದು ಎಂದಳು. ಅವನು ಮತ್ತೆ ಎಂಟು ತಿಂಗಳು ಬರಲಿಲ್ಲ.

ಅವಳು ಬಿಡುಗಡೆಯಾದ ದಿನ ಹೊರಗೆ ಅವನೊಬ್ಬನೇ ನಿಂತಿದ್ದ. ಮಟಮಟ ಮಧ್ಯಾಹ್ನ. ಬಸ್ ನಿಲ್ದಾಣದವರೆಗೆ ಅಕ್ಕ ತಮ್ಮ ನಡೆದರು. ನಿಲ್ದಾಣದ ಕಲ್ಲುಬೆಂಚಿನ ಮುಂದೆ ಅವನು ನಿಂತು, ಹಿಂದಿನ ವಾರ ಮೇಸ್ತ್ರಿಯನ್ನು ಆಸ್ಪತ್ರೆಗೆ ತಪಾಸಣೆಗೆ ಕರೆತಂದಿದ್ದಾಗ ಹೋಗಿ ನೋಡಿದೆ ಎಂದ. ಹೊಡೆಯಬೇಕು ಎಂದೇ ಹೋಗಿದ್ದನಂತೆ. ಕಾವಲಿನವನು ಚಹಾ ಕುಡಿಯಲು ಎದ್ದಾಗ ಹೊಡೆದನಂತೆ. ಮೇಸ್ತ್ರಿ ತಡೆಯಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ, ಪೈಪು ಕಟ್ಟಿದ ಜಾಗದಲ್ಲಿ ಗಾಯ ಕೂಡಿತಾ ಎಂದು ಮಾತ್ರ ಕೇಳಿದನಂತೆ.

“ಎಡಗೈ ಅಲ್ವಾ, ಸರಿಯಾಗಿ ಬೀಳಲಿಲ್ಲ,” ಎಂದ ರೇಡಿಯೋ. “ನಿನಗೂ ಒಂದು ಇದೆ.”

ವೈರಕ್ಕ ಕೈಯಲ್ಲಿದ್ದ ಚೀಲವನ್ನು ಬೆಂಚಿನ ಮೇಲಿಟ್ಟಳು. ನೆಟ್ಟಗೆ ನಿಂತಳು. ಅವನು ಹೊಡೆದ. ಇದು ಸರಿಯಾಗಿಯೇ ಬಿತ್ತು. ಕಿವಿಯ ಮೇಲೆ ಬಿದ್ದ ರಭಸಕ್ಕೆ ಅವಳು ಎರಡು ಹೆಜ್ಜೆ ಆಚೆ ಹೋಗಿ ಕಂಬ ಹಿಡಿದುಕೊಂಡಳು. ಬಸ್ಸಿಗೆ ಕಾಯುತ್ತಿದ್ದವರು ಎದ್ದು ನಿಂತರು. ಒಬ್ಬ ಏನ್ರೀ ಹೆಂಗಸಿನ ಮೇಲೆ ಕೈ ಮಾಡ್ತೀರಾ ಎಂದು ಮುಂದೆ ಬಂದು ರೇಡಿಯೋನ ಅಂಗಿಯ ಖಾಲಿ ತೋಳನ್ನು ಹಿಡಿದ. ಹಿಡಿದದ್ದು ಬರೀ ಬಟ್ಟೆ ಎಂದು ಗೊತ್ತಾಗಿ ಬಿಟ್ಟುಬಿಟ್ಟ. ವೈರಕ್ಕ ಅವನಿಗೆ, ನನ್ನ ತಮ್ಮ, ನೀವು ಕೂತ್ಕೊಳ್ಳಿ ಎಂದಳು.

ರೇಡಿಯೋ ಬೆಂಚಿನ ಮೇಲೆ ಕುಸಿದು, ಮೊಣಕಾಲಿನ ನಡುವೆ ತಲೆ ಇಟ್ಟು ಅತ್ತ. ಅವಳು ಪಕ್ಕದಲ್ಲಿ ಕೂತಳು. ಹೆಗಲು ಮುಟ್ಟಲು ಧೈರ್ಯ ಬರಲಿಲ್ಲ. ಒಂದು ಬಸ್ಸು ಬಂತು, ಹೋಯಿತು. ಎರಡನೆಯದು ಬಂದಾಗ ಅವನು ಮುಖ ಒರೆಸಿಕೊಂಡು ಎದ್ದು, ಅವಳ ಚೀಲವನ್ನು ತಾನೇ ಎತ್ತಿಕೊಂಡ. ಮನೆಯಲ್ಲಿ ಹೆಂಡತಿ ಊಟಕ್ಕೆ ಕಾಯುತ್ತಿದ್ದಾಳೆ ಎಂದ. ಅವಳು ಇನ್ನೂ ಮಾತಾಡಿಸಲಿಕ್ಕಿಲ್ಲ, ಆದರೆ ಬಡಿಸುತ್ತಾಳೆ, ನೀನು ಏನೂ ಹೇಳದೆ ಉಣ್ಣು ಎಂದೂ ಎಚ್ಚರಿಸಿದ.

ವೈರಕ್ಕ ಅವನ ಹಿಂದೆ ಬಸ್ಸು ಹತ್ತಿದಳು. ಏಟು ಬಿದ್ದ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮುಂದಿನ ಎರಡು ದಿನ ಆ ಕಿವಿಗೆ ಏನೂ ಕೇಳಿಸಲಿಲ್ಲ.